ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ

ಊರಿನಿಂದ ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದಳು. ನಾನು ಕಿವಿಗೆ ಫೋನು ಸಿಕ್ಕಿಸಿಕೊಂಡು ಸಹೋದ್ಯೋಗಿಗೆ ಹೇಳುತ್ತಿದ್ದೆ: "ಒಂದ್ನಿಮಿಷ ತಡಿಯೋ, ಟೆಸ್ಟ್‌ಗಳನ್ನ ಓಡಿಸ್ತಾ ಇದೀನಿ." ಅಮ್ಮ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದಳು: "ಪಾಪ, ಯಾಕೋ? ಅವೇನು ಮಾಡಿದ್ವು ನಿಂಗೆ?"

ಮೊದಲು ನಗು ಬಂತು, ಆಮೇಲೆ ಯೋಚನೆ ಬಂತು. ಕನ್ನಡದಲ್ಲಿ ನಾವು ಬಸ್ಸನ್ನೂ ಓಡಿಸುತ್ತೇವೆ, ಹಿತ್ತಲಿಗೆ ನುಗ್ಗಿದ ದನವನ್ನೂ ಓಡಿಸುತ್ತೇವೆ. ಬಸ್ಸಾದರೆ ಎಲ್ಲರನ್ನೂ ಹತ್ತಿಸಿಕೊಂಡು ಊರು ಮುಟ್ಟಿಸಬೇಕು. ದನವಾದರೆ ಕಣ್ಣಿಗೆ ಕಾಣದಷ್ಟು ದೂರ ಹೋದರೆ ಸಾಕು. ಮೊಬೈಲ್ ಆ್ಯಪ್ ಬರೆದೇ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುತ್ತಿರುವ ನಾನು ಟೆಸ್ಟುಗಳನ್ನು ಓಡಿಸುವುದು ಬಸ್ಸಿನ ಹಾಗೋ ದನದ ಹಾಗೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಈ ಕಸುಬಿನ ಹೊರಗಿರುವ ಪುಣ್ಯವಂತರಿಗೆ ಒಂದು ಮಾತು. ಯೂನಿಟ್ ಟೆಸ್ಟ್ ಎಂದರೆ ಪ್ರೋಗ್ರಾಮಿನ ಒಂದು ಚೂರನ್ನು ಅಡ್ಡಗಟ್ಟಿ ಪ್ರಶ್ನೆ ಕೇಳುವ ಇನ್ನೊಂದು ಚೂರು ಪ್ರೋಗ್ರಾಮು. "ಲಕ್ಷ ರೂಪಾಯಿಯನ್ನ ಅಂಕಿಯಲ್ಲಿ ಹೇಗೆ ಬರೀತೀಯಪ್ಪ?" ಎಂದು ಇದು ಕೇಳುತ್ತದೆ. ಅದು 1,00,000 ಎಂದರೆ ಹಸಿರು. ಅಮೆರಿಕದವರ ಹಾಗೆ ಅಲ್ಪವಿರಾಮ ಹಾಕಿ 100,000 ಎಂದರೆ ಕೆಂಪು. ಅಷ್ಟೇ ವ್ಯವಹಾರ. ಒಂದು ಪ್ರಶ್ನೆಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಆದರೆ ಸ್ವಲ್ಪ ವಯಸ್ಸಾದ ಆ್ಯಪ್‌ನಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ. ಜೊತೆಗೆ, ಪ್ರಶ್ನೆ ಕೇಳುವ ಮುಂಚೆ ಆ್ಯಪನ್ನು ಹೊಸದಾಗಿ ಕಟ್ಟಬೇಕು. ಐಫೋನಿನದಾದರೆ ಸಿಮ್ಯುಲೇಟರ್ ಎಂಬ ಸುಳ್ಳು ಫೋನನ್ನು ಎಬ್ಬಿಸಬೇಕು. ಅದೋ, ದೀಪಾವಳಿಗೆ ಬಂದ ಹೊಸ ಅಳಿಯನ ಹಾಗೆ, ಎಬ್ಬಿಸಿದ ಮೇಲೂ ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೂತಿರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಲು ಶುರುವಾಗುತ್ತದೆ. ಇಷ್ಟೆಲ್ಲ ರಾಮಾಯಣ ಯಾರಿಗೆ ಬೇಕು ಎಂದು ನಾವು ಬೇಕಾದ ಒಂದೆರಡನ್ನು ಮಾತ್ರ ಆರಿಸಿ ಓಡಿಸುತ್ತೇವೆ.

ಆರಿಸುವ ಕಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಶಾಲೆ ಓದಿದವರಿಗೆಲ್ಲ "ಕೆಳಗಿನವುಗಳಲ್ಲಿ ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ" ಎಂಬ ವಾಕ್ಯ ಅಂಗೈ ಮೇಲಿನ ನೆಲ್ಲಿಕಾಯಿ. ಪಠ್ಯಪುಸ್ತಕ ಕೈಗೆ ಬಂದ ದಿನವೇ ಯಾವ ಪಾಠ ಓದಬೇಕು ಎನ್ನುವುದಕ್ಕಿಂತ ಮೊದಲು ಯಾವುದನ್ನು ಚಾಯ್ಸ್‌ನಲ್ಲಿ ಬಿಡಬಹುದು ಎಂದು ಲೆಕ್ಕ ಹಾಕಿದವರು ನಾವು. ನಾನು ತ್ರಿಕೋನಮಿತಿಯನ್ನು ಚಾಯ್ಸ್‌ನಲ್ಲಿ ಬಿಟ್ಟೇ ಪಾಸಾದವನು. ಅಂಥವನ ಕೈಗೆ ಸಾವಿರ ಟೆಸ್ಟು ಕೊಟ್ಟು "ನಿನಗೆ ಬೇಕಾದ್ದನ್ನು ಓಡಿಸಿಕೋ" ಎಂದರೆ ಅವನು ಯಾವುದನ್ನು ಆರಿಸಿಯಾನು? ಪಾಸಾಗುವುದನ್ನು. ಇದರಲ್ಲಿ ಕೇಳುವುದೇನಿದೆ?

ಈ ಹಸಿರು-ಕೆಂಪಿನ ವಂಶದ ಮೂಲಪುರುಷರಿಗೆ ಇಂಥ ದುರ್ಬುದ್ಧಿ ಇರಲಿಲ್ಲ. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬ ಇಬ್ಬರು ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಜೆಯೂನಿಟ್ ಎಂಬ ಪರೀಕ್ಷಾ ಚೌಕಟ್ಟನ್ನು ಬರೆಯತೊಡಗಿದರು. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಇವತ್ತಿಗೂ ನೆಚ್ಚಿರುವುದು ಅದರ ಪೀಳಿಗೆಯನ್ನೇ. ಅಷ್ಟು ದೂರದ ವಿಮಾನ ನನಗೆ ಸಿಕ್ಕಿದ್ದರೆ ಮೊದಲರ್ಧ ಊಟದ ಗಾಡಿಗೆ ಕಾಯುತ್ತ, ಉಳಿದರ್ಧ ಪಕ್ಕದವನೊಡನೆ ಕೈಯೊರಗಿನ ಗಡಿ ವಿವಾದ ನಡೆಸುತ್ತ ಅಟ್ಲಾಂಟಾ ತಲುಪುತ್ತಿದ್ದೆ.

ಐಫೋನಿನ ಕಡೆ ಎಕ್ಸ್‌ಸಿಟೆಸ್ಟ್ ಎಂಬುದು 2013ರಲ್ಲಿ, ಆ್ಯಪ್ ಬರೆಯುವ ಸಲಕರಣೆಯಾದ ಎಕ್ಸ್‌ಕೋಡ್ 5ರ ಜೊತೆ ಬಂತು. ಪ್ರತಿ ಟೆಸ್ಟಿನ ಪಕ್ಕದ ಅಂಚಿನಲ್ಲಿ ಒಂದೊಂದು ವಜ್ರದ ಗುರುತು, ಮೂಗುತಿಯ ಹಾಗೆ. ಅದನ್ನು ಒತ್ತಿದರೆ ಆ ಒಂದು ಟೆಸ್ಟು ಓಡಿ, ಪಾಸಾದರೆ ಹರಳು ಹಸಿರಾಗುತ್ತದೆ, ಬಿದ್ದರೆ ಕೆಂಪಾಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಇದೇ ಜಾಗಕ್ಕೆ ಹಸಿರು ತ್ರಿಕೋನ. (ತ್ರಿಕೋನ ನನ್ನನ್ನು ಬಿಡುವುದಿಲ್ಲ ನೋಡಿ.) ಕೀಲಿಮಣೆಯ ದಾರಿಯೂ ಇದೆ. ಮ್ಯಾಕ್‌ನಲ್ಲಿ ಕಮಾಂಡ್ ಜೊತೆ ಯು ಒತ್ತಿದರೆ ಎಲ್ಲ ಟೆಸ್ಟೂ ಓಡುತ್ತವೆ, ಎರಡೇ ಬೆರಳಿನ ಕೆಲಸ. ಕರ್ಸರ್ ನಿಂತಿರುವ ಒಂದೇ ಟೆಸ್ಟು ಓಡಬೇಕೆಂದರೆ ಕಂಟ್ರೋಲ್, ಆಪ್ಷನ್, ಕಮಾಂಡ್ ಮೂರನ್ನೂ ಅದುಮಿ ಹಿಡಿದು ಯು ಒತ್ತಬೇಕು. ಈ ಏರ್ಪಾಟು ಮಾಡಿದವರು ಸಜ್ಜನರಿರಬೇಕು: ಪೂರ್ತಿ ಕೆಲಸಕ್ಕೆ ಎರಡು ಬೆರಳು, ಅರೆಬರೆ ಕೆಲಸಕ್ಕೆ ನಾಲ್ಕು ಬೆರಳಿನ ದಂಡ. ಆದರೂ ನಮ್ಮ ಬೆರಳುಗಳನ್ನು ನೋಡಿ. ನಾಲ್ಕು ಬೆರಳಿನದು ನಿದ್ದೆಯಲ್ಲೂ ಬರುತ್ತದೆ, ಎರಡು ಬೆರಳಿನದನ್ನು ಜ್ಞಾಪಿಸಿಕೊಳ್ಳಬೇಕು. ಅದೇ ಮೂರು ಕೀಲಿಯ ಜೊತೆ ಜಿ ಒತ್ತಿದರೆ ಈಗಷ್ಟೇ ಓಡಿಸಿದ್ದು ಮತ್ತೊಮ್ಮೆ ಓಡುತ್ತದೆ. ಹಸಿರು ಬಂದ ಸಂತೋಷಕ್ಕೆ ಸುಮ್ಮನೆ ಇನ್ನೊಂದು ಸಲ ಒತ್ತಿ ನೋಡುವವರು ನಮ್ಮಲ್ಲಿದ್ದಾರೆ. ನಾನು ಒಬ್ಬನೇ ಅಲ್ಲ.

ಇನ್ನು ಟರ್ಮಿನಲ್‌ನಲ್ಲಿ ಕೂತು ಆರಿಸುವವರ ಗತ್ತೇ ಬೇರೆ. ಎಕ್ಸ್‌ಕೋಡ್‌ಬಿಲ್ಡ್ ಆಜ್ಞೆಗೆ 'ಓನ್ಲಿ ಟೆಸ್ಟಿಂಗ್' ಎಂಬ ಬಾಲವನ್ನು 2016ರಲ್ಲಿ ಕೊಟ್ಟರು. ಅದರ ಮುಂದೆ ಟಾರ್ಗೆಟ್ಟಿನ ಹೆಸರು, ಓರೆಗೆರೆ, ಕ್ಲಾಸಿನ ಹೆಸರು, ಓರೆಗೆರೆ, ಟೆಸ್ಟಿನ ಹೆಸರು. ಥೇಟ್ ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಬರೆದ ಹಾಗೆ. ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ಆಗುವ ಗತಿ ಗೊತ್ತಲ್ಲ, ಇಲ್ಲೂ ಹಾಗೇ. ಒಮ್ಮೆ ನಾನು ಟೆಸ್ಟಿನ ಹೆಸರಿನಲ್ಲಿ ಒಂದು ಎಸ್ ನುಂಗಿಬಿಟ್ಟೆ. ಆ ಹೆಸರಿನ ಟೆಸ್ಟು ಭೂಲೋಕದಲ್ಲೇ ಇರಲಿಲ್ಲ. ಯಂತ್ರ ಏನೂ ಅನ್ನಲಿಲ್ಲ. ಸೊನ್ನೆ ಟೆಸ್ಟು ಓಡಿದವು, ಸೊನ್ನೆ ಸೋಲು, ಒಟ್ಟು ಪರೀಕ್ಷೆ ಯಶಸ್ವಿ ಎಂದು ದೊಡ್ಡಕ್ಷರದಲ್ಲಿ ಬರೆದು ಕೈಮುಗಿಯಿತು. ತರ್ಕದಲ್ಲಿ ಲೋಪವಿಲ್ಲ. ಪರೀಕ್ಷೆಗೆ ಯಾರೂ ಕೂರದಿದ್ದರೆ ಯಾರೂ ಫೇಲಾಗುವುದಿಲ್ಲ. ನಾನು ಮೂರು ದಿನ ಆ ಸೊನ್ನೆಯನ್ನು ನೋಡದೆ ಯಶಸ್ಸನ್ನು ಮಾತ್ರ ನೋಡಿ ಬೀಗುತ್ತಿದ್ದೆ.

ಆಂಡ್ರಾಯ್ಡ್ ಕಡೆ ಆ್ಯಪ್ ಕಟ್ಟಿಕೊಡುವ ಗ್ರೇಡಲ್ ಈ ವಿಷಯದಲ್ಲಿ ಹಳೇ ಕಾಲದ ಹೆಡ್‌ಮಾಸ್ತರು. 'ಟೆಸ್ಟ್ಸ್' ಎಂಬ ಬಾಲ ಹಚ್ಚಿ ಹೆಸರು ಕೊಡಬೇಕು. ನಕ್ಷತ್ರ ಹಾಕಿ ಅರ್ಧ ಹೆಸರು ಹೇಳಿದರೂ ಹುಡುಕಿ ತರುತ್ತಾರೆ. ಆದರೆ ಇಲ್ಲದವನ ಹೆಸರು ಹೇಳಿದಿರೋ, ಅಂಥ ಟೆಸ್ಟೇ ಸಿಕ್ಕಲಿಲ್ಲ ಎಂದು ಇಡೀ ಬಿಲ್ಡನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಇನ್ನೊಂದು ಗುಣವೂ ಉಂಟು. ಏನೂ ಬದಲಾಯಿಸದೆ ಮತ್ತೆ ಓಡಿಸು ಎಂದರೆ ಅವರು ಓಡಿಸುವುದೇ ಇಲ್ಲ. "ನಿನ್ನೆ ಕೇಳಿದ ಪ್ರಶ್ನೆ, ನಿನ್ನೆಯದೇ ಉತ್ತರ, ಹೋಗು" ಎನ್ನುವ ಅರ್ಥದಲ್ಲಿ ಅಪ್-ಟು-ಡೇಟ್ ಎಂದು ಬರೆದು ಕಳಿಸುತ್ತಾರೆ. ಹಸಿರು ನೋಡಿ ಮತ್ತೆ ಮತ್ತೆ ಸಂತೋಷಪಡುವ ನಮ್ಮಂಥವರಿಗೆ ಇದು ಅವಮಾನ.

ಕುಂಟುತ್ತಿರುವ ಟೆಸ್ಟನ್ನು ಸದ್ದಿಲ್ಲದೆ ಮೂಲೆಗೆ ಸರಿಸುವ ವಿದ್ಯೆಗಳೂ ಉಂಟು. ಎಕ್ಸ್‌ಸಿಟೆಸ್ಟ್‌ನಲ್ಲಿ ಹೆಸರು 'ಟೆಸ್ಟ್' ಎಂದೇ ಶುರುವಾಗಬೇಕೆಂಬ ನಿಯಮ. ಹಾಗಿದ್ದರೆ ಮಾತ್ರ ಅದು ಓಡುತ್ತದೆ. ಮುಂದೊಂದು ಎಕ್ಸ್ ಸೇರಿಸಿ ನೋಡಿ, ಮತದಾರರ ಪಟ್ಟಿಯಿಂದ ಹೆಸರು ಬಿಟ್ಟುಹೋದ ಹಾಗೆ, ಮನುಷ್ಯ ಎದುರಿಗೇ ನಿಂತಿದ್ದರೂ ಲೆಕ್ಕಕ್ಕಿಲ್ಲ. ರಿಯಾಕ್ಟ್ ನೇಟಿವ್‌ನವರು ಬಳಸುವ ಜೆಸ್ಟ್‌ನಲ್ಲಿ ಒಂದು ಟೆಸ್ಟಿಗೆ 'ಓನ್ಲಿ' ಎಂದು ಅಂಟಿಸಿದರೆ ಆ ಕಡತದಲ್ಲಿ ಅದೊಂದೇ ಓಡುತ್ತದೆ. ಮಿಕ್ಕವೆಲ್ಲ ಬೆಂಚು ಕಾಯುತ್ತವೆ. ಒಂದೇ ಮಗನಿರುವ ಮನೆಯಲ್ಲಿ ನೆಂಟರ ಮಕ್ಕಳ ಪಾಡು. ಅದಕ್ಕೊಂದು ಚಿಕ್ಕ ಹೆಸರೂ ಇದೆ, 'ಫಿಟ್'. ಅರ್ಥ ಹೇಗೋ ಗೊತ್ತಾಗಲಿ ಎಂದೇ ಇಟ್ಟಂತಿದೆ, ಏಕೆಂದರೆ ಅದನ್ನು ಅಳಿಸಲು ಮರೆತು ಎಲ್ಲರ ಕೋಡಿನೊಳಕ್ಕೆ ತಳ್ಳಿದವನು ಇಡೀ ತಂಡಕ್ಕೆ ಫಿಟ್ಟಿಂಗ್ ಇಟ್ಟ ಹಾಗೇ. ಆ ಕಡತದ ಬೇರೆ ಟೆಸ್ಟುಗಳು ಓಡುತ್ತಲೇ ಇಲ್ಲ ಎಂಬುದು ವಾರಗಟ್ಟಲೆ ತಿಳಿಯುವುದಿಲ್ಲ, ಯಾಕೆಂದರೆ ಎಲ್ಲ ಹಸಿರು. ಈ ಪಾಪಕ್ಕೆಂದೇ ಕಾವಲು ನಿಯಮಗಳನ್ನು ಬರೆದಿಟ್ಟಿದ್ದಾರೆಂದರೆ ಪಾಪಿಗಳ ಸಂಖ್ಯೆ ಊಹಿಸಿ.

ನಮ್ಮ ತಂಡದ ಹಿರಿಯರೊಬ್ಬರು ಆಯ್ದ ಟೆಸ್ಟಿನ ಪರ ವಕೀಲರು. ಸಂಸ್ಕೃತ ಸ್ವಲ್ಪ ಬಲ್ಲವರು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ, "ಸ್ಥಾಲೀಪುಲಾಕ ನ್ಯಾಯ ಕೇಳಿದ್ದೀಯಾ? ಅನ್ನ ಬೆಂದಿದೆಯೋ ಇಲ್ಲವೋ ತಿಳಿಯೋಕೆ ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಗೆ ಪಾತ್ರೆ ಅನ್ನವನ್ನೇ ಹಿಸುಕುತ್ತಾ ಕೂತರೆ ಊಟಕ್ಕೆ ಉಳಿಯೋದು ಗಂಜಿ" ಎಂದರು. ಮಾತು ಸೊಗಸಾಗಿತ್ತು. ಮೊಸರನ್ನ ಇನ್ನೂ ಸೊಗಸಾಗಿತ್ತು, ಹಾಗಾಗಿ ನಾನು ವಾದಿಸಲಿಲ್ಲ. ಆದರೆ ಆ ನ್ಯಾಯ ನಿಲ್ಲುವುದು ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಾಗ. ಆ್ಯಪ್ ಎಂದರೆ ಮದುವೆ ಅಡುಗೆಮನೆ. ಚಿತ್ರಾನ್ನದ ಅಗುಳು ಹಿಸುಕಿದರೆ ಹೋಳಿಗೆಯ ಹೂರಣ ಹಳಸಿದ್ದು ತಿಳಿಯುತ್ತದೆಯೇ? ಸಾಲದ್ದಕ್ಕೆ ನಾವು ಹಿಸುಕುವ ಅಗುಳು ಯಾವುದು? ಬೆಂದಿದೆ ಎಂದು ಮೊದಲೇ ಗೊತ್ತಿರುವುದು. ಈಗಷ್ಟೇ ನಾವೇ ತಿದ್ದಿದ್ದು.

ಒಂಟಿಯಾಗಿ ಓಡಿಸುವುದರಲ್ಲಿ ಇನ್ನೂ ಒಂದು ತಮಾಷೆ ಇದೆ. ಕೆಲವು ಟೆಸ್ಟುಗಳು ಗುಂಪಿನಲ್ಲಿದ್ದರೆ ಪಾಸು, ಒಂಟಿಯಾಗಿ ಕರೆದರೆ ಫೇಲು. ವಿಚಾರಿಸಿದರೆ ಅದು ಕಾಪಿ ಹೊಡೆಯುವ ಹುಡುಗ. ಮುಂದಿನ ಬೆಂಚಿನ ಲಾಗಿನ್ ಟೆಸ್ಟು ಬಳಕೆದಾರನ ಹೆಸರನ್ನು ಫೋನಿನ ಉಗ್ರಾಣದಲ್ಲಿ ಬರೆದಿಟ್ಟು ಅಳಿಸದೆ ಹೋಗುತ್ತದೆ. ಹಿಂದಿನ ಬೆಂಚಿನವನು ಅದನ್ನೇ ನೋಡಿ ಬರೆದು ಪಾಸಾಗುತ್ತಾನೆ. ಒಬ್ಬನನ್ನೇ ಕೋಣೆಯಲ್ಲಿ ಕೂರಿಸಿದ ದಿನ ಬಣ್ಣ ಬಯಲು. ಇದಕ್ಕೆ ತದ್ವಿರುದ್ಧದವೂ ಉಂಟು: ಒಂಟಿಯಾಗಿದ್ದಾಗ ಸಾಧು, ಗೆಳೆಯರು ಸೇರಿದರೆ ಪೋಲಿ. ಮೊದಲು ಬಂದವನು ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಹಾಗೇ ಎದ್ದು ಹೋಗಿರುತ್ತಾನೆ. ಇಂಗ್ಲಿಷ್ ಉತ್ತರ ಕಲಿತು ಬಂದ ನಂತರದವನು ತಬ್ಬಿಬ್ಬಾಗುತ್ತಾನೆ. ನಾವು ಒಂದೊಂದೇ ತ್ರಿಕೋನ ಒತ್ತಿ ಹಸಿರು ಎಣಿಸುವಾಗ ಈ ಜಗಳ ಕಾಣಿಸುವುದೇ ಇಲ್ಲ. ಪರೀಕ್ಷಾ ಮಂಡಳಿಯವರು ಮಾಡುವ ಉಪಾಯವನ್ನೇ 2018ರ ಎಕ್ಸ್‌ಕೋಡ್ 10 ಮಾಡಿತು. ಬೇಕೆಂದರೆ ಪ್ರತಿ ಸಲವೂ ಕೂರುವ ಸರದಿಯನ್ನು ಕಲಸಿಬಿಡುವ ಅನುಕೂಲ ಕೊಟ್ಟಿತು, ಜೊತೆಗೆ ಹಲವು ಸಿಮ್ಯುಲೇಟರ್ ಎಬ್ಬಿಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವ ಅನುಕೂಲವನ್ನೂ ಕೊಟ್ಟಿತು. ನಮ್ಮಲ್ಲಿ ಅದನ್ನು ಆನ್ ಮಾಡಿದ ದಿನ ಹಿಂದಿನ ಬೆಂಚು ಪೂರ್ತಿ ಕೆಂಪಾಯಿತು. ಸಂಜೆಯೊಳಗೆ ಯಾರೋ ಆಫ್ ಮಾಡಿದರು. ಯಾರೆಂದು ಹೇಳುವುದಿಲ್ಲ, ಕಾಫಿ ಅವರೇ ಕೊಡಿಸುತ್ತಾರೆ.

ದಿನಾಂಕದ ಟೆಸ್ಟುಗಳ ಕಥೆ ಇನ್ನೊಂದು. ಸರ್ವರ್ ಗಡಿಯಾರ ಸಾಮಾನ್ಯವಾಗಿ ನಡೆಯುವುದು ಯುಟಿಸಿ ಲೆಕ್ಕದಲ್ಲಿ, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಹಗಲು ಓಡಿಸಿದರೆ ಎಲ್ಲ ಸರಿ. ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಓಡಿಸಿದರೆ ನಮ್ಮ ಇವತ್ತು ಅದಕ್ಕೆ ನಿನ್ನೆ, ಟೆಸ್ಟು ಕೆಂಪು. ಪಂಚಾಂಗ ನೋಡಿ ಟೆಸ್ಟ್ ಓಡಿಸುವ ದೇಶ ಇದು ಎಂದರೆ ಅತಿಶಯೋಕ್ತಿಯಲ್ಲ. ಇದು ನನ್ನ ತ್ರಿಕೋನಮಿತಿಯ ಹಾಗೆ ಎಲ್ಲರೂ ಚಾಯ್ಸ್‌ನಲ್ಲಿ ಬಿಡುವ ಪಾಠ. ದೊಡ್ಡವರಿಗೂ ಇದೇ ಕಷ್ಟ: 2011ರ ಜನವರಿ 1ರಂದು ಎಷ್ಟೋ ಐಫೋನುಗಳಲ್ಲಿ ಅಲಾರಂ ಹೊಡೆಯಲೇ ಇಲ್ಲ. ಜನ ಹೊಸ ವರ್ಷಕ್ಕೆ ನೆಮ್ಮದಿಯಾಗಿ ಮಲಗಿದ್ದರು.

ಆಪಲ್ ಮನೆಯ ಇನ್ನೊಂದು ಪ್ರಸಂಗವಂತೂ ಚಾಯ್ಸ್ ಪುರಾಣಕ್ಕೆ ಮಂಗಳಶ್ಲೋಕ. ಎದುರಿಗಿರುವ ಜಾಲತಾಣ ನಿಜವಾಗಿಯೂ ತಾನು ಹೇಳಿಕೊಂಡವನೇ ಹೌದೋ ಎಂದು ತಪಾಸಣೆ ಮಾಡುವ ಕೋಡು. ಸಾಲಾಗಿ ಹಲವು ತಪಾಸಣೆ, ಒಂದರಲ್ಲಿ ಸೋತರೂ 'ಗೋಟು ಫೇಲ್' ಎಂದು ಹೊರಗೆ ನೂಕಬೇಕು. ಆ ಸಾಲು ಒಂದು ಕಡೆ ಕೈತಪ್ಪಿ ಎರಡು ಸಲ ಬಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟದ್ದು, ಎರಡನೆಯದಕ್ಕೆ ಷರತ್ತೇ ಇಲ್ಲ. ಅಲ್ಲಿಗೆ ಬಂದವರೆಲ್ಲ ಉಳಿದ ತಪಾಸಣೆಯನ್ನು ಚಾಯ್ಸ್‌ನಲ್ಲಿ ಬಿಟ್ಟು ನೇರ ಬಾಗಿಲಿಗೆ. ಅಷ್ಟು ಹೊತ್ತಿಗೆ ತಪ್ಪೇನೂ ದಾಖಲಾಗಿರಲಿಲ್ಲವಾದ್ದರಿಂದ ಸರ್ಟಿಫಿಕೇಟಿನಲ್ಲಿ ಎಲ್ಲ ಸರಿ! ಹೆಸರು ಫೇಲ್, ಫಲಿತಾಂಶ ಪಾಸ್. 2014ರ ಫೆಬ್ರವರಿ 21ರಂದು ಐಓಎಸ್ 7.0.6 ಎಂದು ತರಾತುರಿಯಲ್ಲಿ ಹೊಸ ಆವೃತ್ತಿ ಬಿಟ್ಟು ಸರಿಪಡಿಸಿದರು. ಆ ಒಂದು ಸಾಲನ್ನು ಒಂದು ಸಣ್ಣ ಯೂನಿಟ್ ಟೆಸ್ಟು ಹಿಡಿಯುತ್ತಿತ್ತು ಎಂದು ಬಲ್ಲವರು ಆಮೇಲೆ ಬರೆದು ತೋರಿಸಿದರು. ಆಮೇಲೆ ಎಲ್ಲರೂ ಬಲ್ಲವರೇ.

ಆರಿಸುವ ಕೆಲಸವನ್ನು ಮನುಷ್ಯನ ಕೈಯಿಂದಲೇ ಕಿತ್ತುಕೊಂಡವರೂ ಇದ್ದಾರೆ, ಅದು ವಿವೇಕವೇ. ಬದಲಾದ ಕೋಡಿಗೆ ಯಾವ ಟೆಸ್ಟು ಬಿದ್ದೀತು ಎಂದು ಹಳೆಯ ಫಲಿತಾಂಶಗಳನ್ನು ಓದಿಕೊಂಡ ಯಂತ್ರ ಊಹಿಸುವ ಏರ್ಪಾಟನ್ನು ಫೇಸ್‌ಬುಕ್ 2018ರಲ್ಲಿ ವಿವರಿಸಿತು. ಬದಲಾವಣೆಗೆ ಸಂಬಂಧಪಟ್ಟ ಟೆಸ್ಟುಗಳಲ್ಲಿ ಮೂರರಲ್ಲೊಂದು ಪಾಲು ಓಡಿಸಿದರೂ ಹೊಸ ಹಾನಿಗಳಲ್ಲಿ ಶೇಕಡಾ 99.9ಕ್ಕೂ ಹೆಚ್ಚನ್ನು ಹಿಡಿಯುತ್ತೇವೆ ಎಂದರು. ಹಳೆಯ ಪ್ರಶ್ನೆಪತ್ರಿಕೆ ನೋಡಿ ಈ ವರ್ಷದ ಇಂಪಾರ್ಟೆಂಟ್ ಪ್ರಶ್ನೆ ಗುರುತು ಹಾಕಿಕೊಡುವ ಟ್ಯೂಷನ್ ಮೇಷ್ಟರ ವಿದ್ಯೆಯೇ ಇದು. ವ್ಯತ್ಯಾಸ ಒಂದೇ. ಮೇಷ್ಟರು ನಾವು ಪಾಸಾಗಲಿ ಎಂದು ಗುರುತು ಹಾಕುತ್ತಿದ್ದರು, ಯಂತ್ರ ನಾವು ಬೀಳುವ ಜಾಗಕ್ಕೇ ಗುರುತು ಹಾಕುತ್ತದೆ. ಅದಕ್ಕೂ ತಲೆನೋವು ತಪ್ಪಿದ್ದಲ್ಲ. ಕೋಡು ಬದಲಾಗದಿದ್ದರೂ ಒಮ್ಮೆ ಪಾಸು ಒಮ್ಮೆ ಫೇಲಾಗುವ ಚಂಚಲ ಟೆಸ್ಟುಗಳಿವೆ, ಫ್ಲೇಕಿ ಎನ್ನುತ್ತಾರೆ. ತಮ್ಮ ಟೆಸ್ಟುಗಳಲ್ಲಿ ಹತ್ತಿರ ಹತ್ತಿರ ಶೇಕಡಾ 16ರಷ್ಟಕ್ಕೆ ಒಂದಿಷ್ಟು ಚಾಂಚಲ್ಯ ಇದೆ ಎಂದು ಗೂಗಲ್‌ನವರೇ 2016ರಲ್ಲಿ ಬರೆದುಕೊಂಡಿದ್ದರು. ನಮ್ಮ ತಂಡದಲ್ಲಿ ಟೆಸ್ಟು ಬಿದ್ದರೆ ಮೊದಲು ಹೇಳುವ ಮಾತು "ಅದು ಫ್ಲೇಕಿ ಬಿಡು". ಬೀಗರ ಮನೆಯಲ್ಲಿ ಹುಡುಗನ ಬಗ್ಗೆ ಕೇಳಿದರೆ "ಸ್ವಲ್ಪ ಮುಂಗೋಪ ಅಷ್ಟೇ" ಎನ್ನುತ್ತಾರಲ್ಲ, ಹಾಗೆ.

ಈಗ ನನ್ನ ಪ್ರಾಯಶ್ಚಿತ್ತದ ಕಥೆ. ಹೆಸರು ತುಂಬುವ ಡಬ್ಬಿಗೆ ಹನ್ನೆರಡು ಅಕ್ಷರದ ಮಿತಿ ಇಡು ಎಂದು ನನಗೆ ಹೇಳಿದ್ದರು. ಇಟ್ಟೆ. ಆ ಕಡತದಲ್ಲಿ ಎರಡು ಟೆಸ್ಟಿದ್ದವು: ಮೇಲಿನದರಲ್ಲಿ ರಮೇಶ, ನಾಲ್ಕು ಸಾಲು ಕೆಳಗೆ ಲಕ್ಷ್ಮೀನಾರಾಯಣ. ನಾನು ರಮೇಶನ ತ್ರಿಕೋನ ಒತ್ತಿದೆ. ಹಸಿರು. ಲಕ್ಷ್ಮೀನಾರಾಯಣನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಬೇಡಿ. ಶುಕ್ರವಾರ ಸಂಜೆ ಐದಾಗಿತ್ತು, ಊರಿಗೆ ಬಸ್ಸಿತ್ತು.

ಸೋಮವಾರ ಬಂದ ದೂರು ಒಂದೇ ಸಾಲಿನದು: "ನನ್ನ ಣ ಎಲ್ಲಿ?"

ನಮ್ಮ ಬಾಯಲ್ಲಿ ಲಕ್ಷ್ಮೀನಾರಾಯಣ ಆರೇ ಅಕ್ಷರ: ಲ, ಕ್ಷ್ಮೀ, ನಾ, ರಾ, ಯ, ಣ. ಮಗ್ಗಿ ಬರುವ ಮಗು ಎಣಿಸಿ ಹೇಳುತ್ತದೆ. ಐಫೋನಿನ ಸ್ವಿಫ್ಟ್ ಭಾಷೆ ಅದನ್ನು ಎಂಟು ಎನ್ನುತ್ತದೆ, ಏಕೆಂದರೆ ಅದಕ್ಕೆ ಒತ್ತಕ್ಷರದ ಕ್, ಷ್, ಮೀ ಬೇರೆ ಬೇರೆ. ಆಂಡ್ರಾಯ್ಡ್‌ನ ಕಾಟ್ಲಿನ್ ಗುಣಿತದ ಗುರುತನ್ನೂ ಅರ್ಧಾಕ್ಷರದ ಗುರುತನ್ನೂ ಒಂದೊಂದು ತಲೆ ಎಂದು ಎಣಿಸಿ ಹದಿಮೂರು ಎನ್ನುತ್ತದೆ. ಮಿತಿ ಹನ್ನೆರಡು. ಹದಿಮೂರನೆಯದನ್ನು ಬಾಗಿಲಲ್ಲೇ ತಡೆದರು. ಒಳಗೆ ಹೋದದ್ದು 'ಲಕ್ಷ್ಮೀನಾರಾಯ'. ಇನ್ನೊಂದು ಅಕ್ಷರ ಬಿದ್ದಿದ್ದರೆ ಯಾರೂ ಕಂಡುಹಿಡಿಯುತ್ತಿರಲಿಲ್ಲವೇನೋ, ಬಿದ್ದದ್ದು ಣ. ಕನ್ನಡಿಗ ಏನು ಬಿಟ್ಟರೂ ಣ ಬಿಟ್ಟಾನೆಯೇ? ಎರಡೇ ಟೆಸ್ಟಿನ ಕಡತದಲ್ಲಿ ಒಂದನ್ನು ಚಾಯ್ಸ್‌ನಲ್ಲಿ ಬಿಟ್ಟವನು ನಾನೊಬ್ಬನೇ ಇರಬೇಕು.

ಸರಿಪಡಿಸಿದೆ. ಕಾಟ್ಲಿನ್‌ನಲ್ಲಿ ಟೆಸ್ಟಿಗೆ ವಾಕ್ಯವನ್ನೇ ಹೆಸರಾಗಿ ಇಡಬಹುದು, ಕನ್ನಡದಲ್ಲೂ ಇಡಬಹುದು. 'ಣ ಉಳಿಯಲೇಬೇಕು' ಎಂದು ಹೊಸದೊಂದು ಟೆಸ್ಟು ಬರೆದೆ. ಟರ್ಮಿನಲ್‌ನಲ್ಲಿ ಗ್ರೇಡಲ್ ಮಾಸ್ತರಿಗೆ ನಕ್ಷತ್ರ, ಣ, ನಕ್ಷತ್ರ ಎಂದು ಚೀಟಿ ಕೊಟ್ಟೆ. ಅವರು ಸಾವಿರದ ನಡುವಿನಿಂದ ಅದೊಂದನ್ನೇ ಕಿವಿ ಹಿಡಿದು ಎಳೆದು ತಂದು ಓಡಿಸಿದರು. ಹಸಿರು. ಮತ್ತೊಮ್ಮೆ ಓಡಿಸಿದೆ. ಅಪ್-ಟು-ಡೇಟ್ ಎಂದು ಗದರಿಸಿದರು.

ಅಷ್ಟರಲ್ಲಿ ಸ್ಥಾಲೀಪುಲಾಕದವರು ಬಂದು ಹಿಂದೆ ನಿಂತರು. ಗಂಟೆ ಐದಾಗಿತ್ತು.

"ಎಲ್ಲಾ ಟೆಸ್ಟ್ ಓಡಿಸಿದೆಯೇನಯ್ಯಾ?"

ನಾನು ಸುಳ್ಳು ಹೇಳುವವನಲ್ಲ. ಅಮ್ಮ ಹೇಳಿದ ಅರ್ಥವನ್ನು ಮನಸ್ಸಿನಲ್ಲೇ ನೆನೆದು, "ಒಂದನ್ನೂ ಬಿಡದೆ ಓಡಿಸಿದೆ ಸಾರ್" ಎಂದೆ.